ಗೋಡೆಯಿಂದ ಶುರುವಾದ ಎಲೆಗಳು

"ಆಲ್ಡನ್, ಬಾ ಇಲ್ಲಿ! ಇದೇನಿದು ನೋಡು!"

ಕೊರೀನ್ ಊಟದ ಕೋಣೆಯಲ್ಲಿ ಮಂಡಿಯೂರಿ ಕೂತಿದ್ದಳು. ಹಳೇ ಕಾರ್ಪೆಟ್ಟನ್ನು ಸುತ್ತಿ ಸುತ್ತಿ ಗೋಡೆಗೆ ತಳ್ಳಿಬಿಟ್ಟಿದ್ದಳು. ಅದರಡಿಯಲ್ಲಿ ಮೇಪಲ್ ಹಲಗೆಯ ನೆಲ ಇದೆ ಅಂತ ಅವಳಿಗೆ ಗೊತ್ತಿತ್ತು. ನೆಲದ ಮೇಲೆ ಸಾಲಾಗಿ ಹಸಿರು ಎಲೆಗಳು ಇರುತ್ತವೆ ಅಂತ ಯಾರಿಗೆ ಗೊತ್ತು? ಕೊರೆದ ಸ್ಟೆನ್ಸಿಲ್ ಹಾಳೆ ಇಟ್ಟು, ಗಿಡ್ಡ ಕುಂಚದಲ್ಲಿ ಒತ್ತಿ ಒತ್ತಿ ಮೂಡಿಸಿದ ಎಲೆಗಳು. ಬಾಗಿಲ ಪಕ್ಕದ ಗೋಡೆಯಿಂದ ಹೊರಟು, ಕಿಟಕಿ ಮುಟ್ಟುವ ಮೊದಲೇ ನಿಂತುಬಿಟ್ಟಿದ್ದವು.

ಅವಳಿಗೂ ಇದೇ ಹುಚ್ಚು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ತನ್ನದು ಅನ್ನುವಂಥ ಒಂದು ಕೋಣೆಯಾದರೂ ಇಲ್ಲಿ ಬೇಕು ಅಂತ ಆಸೆಪಟ್ಟು, ಚಳಿಗಾಲವೆಲ್ಲ ಒಲೆಯ ಪಕ್ಕ ಕೂತು ಪುಟ್ಟ ಹಕ್ಕಿಗಳ ಅಚ್ಚು ಕೊರೆದಿಟ್ಟಿದ್ದಳು. ಇವತ್ತು ಹಲಗೆಯ ಮೇಲ್ಪದರ ಸವೆಸಿ ನೆಲ ಉಜ್ಜುವ ಮೆಷಿನ್ ಬಾಡಿಗೆಗೆ ತಂದಿದ್ದಳು. ಹಿಮ ಕರಗಿ ವರ್ಮಾಂಟಿನ ರಸ್ತೆಗಳೆಲ್ಲ ಕೆಸರಾಗಿರುವ ಈ ದಿನಗಳಲ್ಲಿ ಮನೆಯೊಳಗಿನ ಕೆಲಸ ಬಿಟ್ಟರೆ ಇನ್ನೇನಿದೆ?

ಆಲ್ಡನ್ ಕಾಫಿ ಮಗ್ ಹಿಡಿದು ಬಾಗಿಲಿಗೆ ಬಂದು ನಿಂತ. ಶಾಲೆಯ ಬಸ್ಸು ಓಡಿಸುವವನು. ಇಡೀ ಬಸ್ಸಿನ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಯಾವನೋ ಏನೂ ಗೊತ್ತಿಲ್ದೋನು ಮಾಡಿರೋ ಕೆಲಸ ಇದು," ಕೊರೀನ್ ನಕ್ಕಳು. "ಗೋಡೆಯಿಂದ ಶುರು ಮಾಡಿದಾನೆ ನೋಡು! ಇಂಥ ಹಳೇ ಮನೇಲಿ ಯಾವ ಗೋಡೆ ನೆಟ್ಟಗಿರುತ್ತೆ? ಕೋಣೆ ನಡುಮಧ್ಯ ದಾರ ಹಿಡಿದು ಗೆರೆ ಹೊಡ್ಕೊಂಡು ಅಲ್ಲಿಂದ ಹೊರಡಬೇಕು. ಬಾಗಿಲ ಹತ್ರ ಏನೋ ಪರವಾಗಿಲ್ಲ. ಈ ಕಡೆ ಬರ್ತಾ ಬರ್ತಾ ಕುಡಿದೋರ ಥರ ವಾಲಿದಾವೆ. ಅಯ್ಯಯ್ಯೋ, ಆಮೇಲೆ ಬಿಟ್ಟು ಓಡಿಹೋಗಿದಾನೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಆಲ್ಡನ್ ನಗಲಿಲ್ಲ. ನೆಲವನ್ನೇ ನೋಡುತ್ತಾ ಒಂದು ಗುಟುಕು ಕಾಫಿ ಕುಡಿದ.

"ನೊರೀನ್ ಬರೆದದ್ದು," ಅಂದ.

ನಗು ಅಲ್ಲೇ ನಿಂತಿತು. ನೊರೀನ್ ಅವನ ಮೊದಲ ಹೆಂಡತಿ. ಅವನನ್ನು ಬಿಟ್ಟು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಇಂಥ ಚಿಕ್ಕ ಊರಲ್ಲಿ ಬಿಟ್ಟು ಹೋದಳು ಅಂದರೆ ಸೇತುವೆಯ ಆಚೆಗೆ ಹೋದಳು ಅಂತ ಅರ್ಥ, ಅಷ್ಟೇ. ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಮಾರಿಕೊಂಡಿದ್ದಳು.

"ಸರಿ ಹಾಗಾದ್ರೆ, ಉಜ್ಜಿಬಿಡ್ತೀನಿ."

"ಉಜ್ಜಬೇಡ."

"ಯಾಕೆ?"

"ಯಾಕೂ ಇಲ್ಲ. ನಿನ್ನಿಷ್ಟ. ಉಜ್ಜು."

"ಉಜ್ಜಲೋ, ಬೇಡ್ವೋ? ಒಂದು ಹೇಳು ಮಹಾನುಭಾವ!"

"ನಿನ್ನಿಷ್ಟ ಅಂದ್ನಲ್ಲ ಕಣೇ," ಅನ್ನುತ್ತಾ ಅವನು ಕೊಟ್ಟಿಗೆಯ ಕಡೆ ಹೊರಟುಹೋದ.

ಕೊರೀನ್‌ಗೆ ತಲೆಬುಡ ಅರ್ಥವಾಗಲಿಲ್ಲ. ಬಿಟ್ಟುಹೋದ ಹೆಂಡತಿಯ ಎಲೆಗಳ ಮೇಲೆ ಇವನಿಗೆ ಇನ್ನೂ ಇಷ್ಟೊಂದು ಮೋಹವೇ? ಹಾಗಿದ್ದರೆ ಕಾರ್ಪೆಟ್ ಮುಚ್ಚಿ ಯಾಕಿಟ್ಟ? ಇಲ್ಲದಿದ್ದರೆ ಉಜ್ಜಬೇಡ ಅಂತ ಯಾಕಂದ? ಮೆಷಿನ್ನಿನ ಹಿಡಿ ಹಿಡಿದಳು, ಬಿಟ್ಟಳು. ಇಷ್ಟು ದಿನ ಒಂದೇ ಮೇಜಿನ ಮುಂದೆ ಕೂತು ಉಂಡ ಗಂಡ ಯಾರು ಅಂತಲೇ ತಿಳಿಯದ ಹಾಗಾಯಿತು. ಕೊನೆಗೆ ವಾರ್ನಿಶ್ ತರುವ ನೆಪ ಮಾಡಿಕೊಂಡು ಕಾರು ಹತ್ತಿ ಸೇತುವೆ ದಾಟಿದಳು.

ಅಂಗಡಿಯಲ್ಲಿ ನೊರೀನ್ ಬಣ್ಣದ ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ಕುಟ್ಟುತ್ತಿದ್ದಳು. "ಬಾಮ್ಮ, ಏನು ಬೇಕಿತ್ತು?"

"ವಾರ್ನಿಶ್. ಮತ್ತೆ..." ಕೊರೀನ್ ತಡವರಿಸಿದಳು. "ಊಟದ ಕೋಣೆಯಲ್ಲಿ ನಿಮ್ಮ ಎಲೆಗಳು ಸಿಕ್ಕಿದ್ವು. ಇಟ್ಕೊಳ್ಳೋದೋ ಉಜ್ಜೋದೋ ಗೊತ್ತಾಗ್ತಿಲ್ಲ."

"ನನ್ನ ಎಲೆಗಳಾ?"

"ನೀವೇ ಬರೆದದ್ದು ಅಂದ ಆಲ್ಡನ್."

ನೊರೀನ್ ಸುತ್ತಿಗೆ ಕೆಳಗಿಟ್ಟು ಗೊಳ್ಳೆಂದು ನಕ್ಕಳು. "ನಾನಾ! ಉಗುರಿಗೆ ಬಣ್ಣ ಹಚ್ಕೊಂಡ್ರೆ ಬೆರಳಿಗೆಲ್ಲ ಮೆತ್ಕೊಳ್ಳೋಳು ನಾನು. ಅದು ಅವನದೇ ಕೈಕೆಲಸ ಕಣಮ್ಮ. ನಾನು ಜಗಳ ಆಡ್ಕೊಂಡು ಅಕ್ಕನ ಮನೆಗೆ ಹೋಗಿದ್ದೆ. ವಾಪಸ್ ಬಂದು ನೋಡಿದ್ರೆ, ಅಷ್ಟು ದೊಡ್ಡ ಆಳು ನೆಲದ ಮೇಲೆ ಬೋರಲು ಬಿದ್ಕೊಂಡು ಎಲೆ ಬರೀತಿದಾನೆ! ಅದೂ ಡೊಂಕು ಡೊಂಕಾಗಿ. ಬಾಗಿಲಲ್ಲೇ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕೆ."

"ಅವನೇನಂದ?"

"ಏನಂತಾನೆ, ಅವನ ಬಾಯಲ್ಲಿ ಮಾತು ಬರುತ್ತಾ? ಕುಂಚ ತೊಳೆದಿಟ್ಟ. ಮಾರನೇ ದಿನ ಕಾರ್ಪೆಟ್ ತಂದು ಹಾಸಿದ." ನೊರೀನ್‌ಳ ನಗು ಮೆಲ್ಲಗೆ ಇಳಿಯಿತು. "ಅಲ್ಲಿಂದಾಚೆಗೆ ಅವನು ನನಗೇ ಅಂತ ಏನೂ ಮಾಡ್ಲಿಲ್ಲ. ಕೇಳಿದ್ದೆಲ್ಲ ತಂದ್ಕೊಟ್ಟ, ಹೇಳಿದ್ದೆಲ್ಲ ಮಾಡಿದ. ನಿನ್ನಿಷ್ಟ, ನಿನ್ನಿಷ್ಟ. ಅಂಥವನ ಜೊತೆ ಬಾಳೋಕಾಗಲ್ಲಮ್ಮ, ಗೋಡೆ ಜೊತೆ ಬಾಳಿದ ಹಾಗೆ." ಅವಳು ಕೊರೀನ್‌ಳ ಮುಖ ನೋಡಿದಳು. "ನೀನು ನಗ್ಲಿಲ್ಲ ತಾನೆ?"

ಕೊರೀನ್ ವಾರ್ನಿಶ್ ಡಬ್ಬಿ ಎತ್ತಿಕೊಂಡು ಹೊರಬಂದಳು.

ದಾರಿಯುದ್ದಕ್ಕೂ ಕಾರು ಕೆಸರಲ್ಲಿ ಆಚೀಚೆ ಜಾರಿತು, ಅವಳ ಮನಸ್ಸೂ ಹಾಗೇ. ಬೇರೊಬ್ಬಳಿಗಾಗಿ ಅವನು ನೆಲಕ್ಕೆ ಬಿದ್ದು ಬರೆದ ಎಲೆಗಳು. ತನಗಾಗಿ ಏನು ಬರೆದಿದ್ದಾನೆ? ಹೊಟ್ಟೆ ಉರಿಯಿತು. ಮರುಕ್ಷಣವೇ ಬೆಳಿಗ್ಗೆ ತಾನಾಡಿದ ಮಾತು ಕಿವಿಯಲ್ಲಿ ಮೊಳಗಿ ನಾಚಿಕೆಯಾಯಿತು. ಉಜ್ಜಿದರೆ ಅವನನ್ನೇ ಉಜ್ಜಿಹಾಕಿದ ಹಾಗೆ. ಉಳಿಸಿದರೆ ನೊರೀನ್‌ಗೆ ಕೊಟ್ಟ ಉಡುಗೊರೆಯ ಮೇಲೆ ದಿನಾ ಊಟಕ್ಕೆ ಕೂರಬೇಕು. ಯಾವುದು ಸರಿ? ಒಂದಂತೂ ಗಟ್ಟಿ ಮಾಡಿಕೊಂಡಳು: ಈ ಮನುಷ್ಯ ತನಗೂ ಗೋಡೆಯಾಗಿಬಿಡಬಾರದು.

ಅಂಗಳಕ್ಕೆ ಕಾಲಿಡುವಾಗಲೇ ಮೆಷಿನ್ನಿನ ಮೊರೆತ ಕೇಳಿಸಿತು.

"ದೇವರೇ!" ಅಂತ ಕೆಸರು ಬೂಟಿನಲ್ಲೇ ಒಳಗೋಡಿದಳು. ಆಲ್ಡನ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಷಿನ್ ತಳ್ಳುತ್ತಿದ್ದ. ಬಾಗಿಲ ಕಡೆಯಿಂದ ಶುರುಮಾಡಿ ಮುಕ್ಕಾಲು ಕೋಣೆ ಮುಗಿಸಿದ್ದ. "ನಿಲ್ಸು! ನಿಲ್ಸು!" ಅಂತ ಕೂಗಿದಳು. ಅವನಿಗೆ ಕೇಳಲಿಲ್ಲ. ಅವಳು ಅವನನ್ನು ಸುತ್ತಿಕೊಂಡು ಹೋಗಿ, ಕಿಟಕಿಯ ಹತ್ತಿರ ಉಳಿದಿದ್ದ ಸಾಲುಗಳ ಮೇಲೆ ನಿಂತುಬಿಟ್ಟಳು. ಸ್ವಲ್ಪ ಸರಿ ಅಂತ ಅವನು ಕೈಯಾಡಿಸಿದ. ಅವಳು ಕದಲಲಿಲ್ಲ.

ಆಲ್ಡನ್ ಮೆಷಿನ್ ಆರಿಸಿದ. "ನಿನಗೆ ಇಷ್ಟ ಆಗ್ಲಿಲ್ವಲ್ಲ. ನೀನು ಬರೋದರೊಳಗೆ ಮುಗಿಸೋಣ ಅಂತ..."

"ಇಷ್ಟಾದ್ರೂ ಇರ್ಲಿ."

"ನೊರೀನ್ ಬರೆದದ್ದು ನಿನಗ್ಯಾಕೆ?"

ಅಂಗಡಿಯಲ್ಲಿ ಕೇಳಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಬಾಯಿ ಬಿಟ್ಟರೆ ಅವನು ಇನ್ನೂ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಾನೇನೋ ಅಂತ ಭಯವಾಯಿತು.

"ಬೆಳಿಗ್ಗೆ ನಾನು ನಗಬಾರದಿತ್ತು, ಆಲ್ಡನ್," ಅಂದಳು. "ಯಾರೇ ಬರೆದಿರ್ಲಿ. ತಪ್ಪಾಯ್ತು."

ಅವನು ಮೂಗಿನ ಬಟ್ಟೆ ಬಿಚ್ಚಿದ. ಅವಳ ಮುಖ ನೋಡಿದ, ಅವಳ ಬೂಟುಗಳ ಸುತ್ತ ಆಚೀಚೆ ವಾಲಿಕೊಂಡಿದ್ದ ಎಲೆಗಳನ್ನು ನೋಡಿದ. ಮತ್ತೆ ನಿನ್ನಿಷ್ಟ ಅನ್ನುತ್ತಾನೆ ಅಂದುಕೊಂಡಳು.

"ಇವು ಕೆಟ್ಟಿರೋವು ಕಣೇ," ಅಂದ ಆಲ್ಡನ್. "ನನಗೆ ಚೆನ್ನಾಗಿ ಬಂದಿದ್ದು ಆ ಕಡೇವು."

ಅವನು ತೋರಿಸಿದ ಕಡೆಗೆ ಇಬ್ಬರೂ ತಿರುಗಿ ನೋಡಿದರು. ಬಾಗಿಲ ಪಕ್ಕದ ಹಲಗೆಗಳು ಈಗಷ್ಟೇ ಕೊಯ್ದ ಮರದ ಹಾಗೆ ಬೆಳ್ಳಗಿದ್ದವು. ಅವುಗಳ ಮೇಲೆ ಮರದ ಹುಡಿ ಮೆಲ್ಲಗೆ ಇಳಿಯುತ್ತಿತ್ತು.