ತಾಯಣ್ಣ ಹೇಳಿಕೊಟ್ಟ ಮಾತು

"ದವಾಖಾನ್ಯಾಗ ಅಂತ ಹೇಳ್ರಿ ಅಕ್ಕಾರ, ಅಷ್ಟ. ಮುಂದಿಂದು ನಾ ನೋಡ್ಕೊಂತೀನಿ," ಎಂದ ತಾಯಣ್ಣ, ಬೀಗ ತೆಗೆಯುತ್ತ.

ಚಂದ್ರಕಲಾ ಅಂಗಳದಲ್ಲೇ ನಿಂತಿದ್ದಳು. ಗಂಡ ಬೀರೇಶನ ಜೊತೆ ರಾಯಚೂರಿನಿಂದ ಮಾನ್ವಿಗೆ ಬಂದು ಬಸ್ಸಿಳಿದಾಗಿನಿಂದ ಈ ದಲ್ಲಾಳಿ ಅದೇ ಮಾತನ್ನು ಮೂರು ಸಲ ಹೇಳಿದ್ದ. ಮಗಳು ಪ್ರಿಯದರ್ಶಿನಿ ಈ ಮನೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಜೀವ ಹೋದ ನಕ್ಷತ್ರ ಒಳ್ಳೆಯದಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದು ಹಿರಿಯರು ಹೇಳಿದ್ದಕ್ಕೆ ಬೀಗ ಹಾಕಿ ರಾಯಚೂರಿಗೆ ಬಾಡಿಗೆಗೆ ಹೋಗಿದ್ದರು. ಆರು ತಿಂಗಳು ಕಳೆದ ಮೇಲೆ ತಿರುಗಿ ಬರುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಮಾರಲು ಹೊರಟರೆ, ಬಂದವರೆಲ್ಲ ಗೋಡೆ, ನೀರು ನೋಡಿ ಮೆಚ್ಚಿ, ಹೊರಡುವಾಗ ಬಾಗಿಲಲ್ಲಿ ನಿಂತು ಹುಡುಗಿ ಎಲ್ಲಿ ಸತ್ತಳು ಎಂದು ಕೇಳುತ್ತಿದ್ದರು. ಇಲ್ಲೇ ಎಂದರೆ ಮತ್ತೆ ಫೋನು ಎತ್ತುತ್ತಿರಲಿಲ್ಲ. ಮೂರು ಗಿರಾಕಿಗಳು ಹಾಗೇ ಹೋದರು. ರಾಯಚೂರಿನಲ್ಲಿ ಮಾತಾಗಿದ್ದ ಸಣ್ಣ ಮನೆಯ ನೋಂದಣಿಗೆ ಇನ್ನು ಹದಿನೈದು ದಿನ ಉಳಿದಿತ್ತು.

"ಓಣಿ ಮಂದಿಗೆಲ್ಲ ಗೊತ್ತದಲ್ಲ," ಎಂದಳು.

"ಓಣಿ ಮಂದಿ ಬಾಯಿ ನನಗ ಬಿಡ್ರಿ. ಎದುರುಮನಿ ದುರುಗಮ್ಮ, ಈ ಮನ್ಯಾಗ ಗೆಜ್ಜಿ ಸಪ್ಪಳ ಕೇಳತದ ಅಂತ ಹೇಳ್ಕೊಂತ ಅಡ್ಡಾಡಾಕತ್ತಾಳ. ನಿಮ್ಮ ಮಗಳು ಗೆಜ್ಜಿ ಹಾಕ್ತಿದ್ಲೇನ್ರಿ?"

"ಇಲ್ಲ."

"ನೋಡ್ರಿ ಮತ್ತ! ಸತ್ತ ಮ್ಯಾಲ ಹೊಸಾ ಗೆಜ್ಜಿ ಕೊಡಿಸ್ಯಾಳ ಮುದುಕಿ." ತಾಯಣ್ಣ ನಕ್ಕ. ಬೀರೇಶನ ಮುಖ ನೋಡಿ ನಗು ನಿಲ್ಲಿಸಿದ. "ತಪ್ಪ ತಿಳಕೋಬ್ಯಾಡ್ರಿ ಅಣ್ಣಾರ. ಈಗ ಮನಿ ನೋಡಾಕ ಬರೋ ಅಕ್ಕಾರು ನಕ್ಷತ್ರ ನೋಡೋ ಪೈಕಿ ಅಲ್ಲ, ಖರೆ. ಆದ್ರ ಒಬ್ಬರಿಗಿ ಒಂದು, ಇನ್ನೊಬ್ಬರಿಗಿ ಒಂದು ಹೇಳಿದ್ರ ನನ್ನ ಮಾತು ಯಾರು ನಂಬ್ತಾರ?"

ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯಲ್ಲೇ ಇರಲಿ ಎಂದಿದ್ದರು ನೆಂಟರೆಲ್ಲ. ಮನೆಯಲ್ಲಿ ಜೀವ ಹೋದರೆ ಮುಂದೇನು ಎಂಬುದು ಅವರಿಗೆ ಗೊತ್ತಿತ್ತು. ಪ್ರಿಯದರ್ಶಿನಿ ಮಾತ್ರ ಮೂಗಿನ ನಳಿಕೆ ಸರಿಸಿ, "ಯವ್ವಾ, ನಮ್ಮ ಮನಿಗಿ ಹೋಗಣು," ಎಂದಿದ್ದಳು. ಹದಿನಾಲ್ಕು ವರ್ಷದ ಮಗಳನ್ನು ಬೀರೇಶ ಎರಡೂ ಕೈಯಲ್ಲಿ ಎತ್ತಿ ಗಾಡಿಯಿಂದ ಒಳಗೆ ತಂದಿದ್ದ. ಒಳಕೋಣೆಯ ಕಿಟಕಿಯ ಕೆಳಗಿನ ಮಂಚದಲ್ಲಿ ನಾಲ್ಕು ದಿನ ಇದ್ದಳು. ಕಾಯಿಲೆಯ ಆ ಇಡೀ ವರ್ಷದಲ್ಲಿ, ಮಗಳು ಬೇಕೆಂದದ್ದನ್ನು ಕೊಡಲು ಚಂದ್ರಕಲಾಗೆ ಆದದ್ದು ಅದೊಂದೇ.

ಕಹಕಶಾನ್ ಆಟೋದಲ್ಲಿ ಒಬ್ಬಳೇ ಬಂದಳು. ದೇವದುರ್ಗದಿಂದ ವರ್ಗವಾಗಿ ಬಂದ ಉರ್ದು ಶಾಲೆಯ ಶಿಕ್ಷಕಿ. ಚಂದ್ರಕಲಾಳೂ ಶಾಲೆಯಲ್ಲಿ ಕಲಿಸುವವಳೆಂದು ತಿಳಿದು ಅವಳ ಮುಖ ಅರಳಿತು. ನಲ್ಲಿ ತಿರುಗಿಸಿದಳು, ಅಡುಗೆಮನೆಯ ಕಿಟಕಿ ತೆರೆದು ಮುಚ್ಚಿದಳು.

"ಗಾಳಿ ಚಲೋ ಬರ್ತದ ರೀ. ದೇವದುರ್ಗದ ಮನಿ ಒಲಿ ಇದ್ದಂಗ ಇತ್ತು. ರೊಟ್ಟಿ ತಟ್ಟಿ ಗೋಡಿಗಿ ಹಚ್ಚಿದ್ರ ಬೇಯ್ತಿತ್ತು."

ತಾಯಣ್ಣ ಜೋರಾಗಿ ನಕ್ಕ. ಚಂದ್ರಕಲಾಗೂ ಒಂದು ಕ್ಷಣ ನಗು ಬಂತು.

ಒಳಕೋಣೆಯ ಬಾಗಿಲಲ್ಲಿ ಕಹಕಶಾನ್ ನಿಂತಳು. ದನಿ ತಗ್ಗಿಸಿದಳು. "ತಾಯಣ್ಣಾರು ಹೇಳಿದ್ರು, ನಿಮ್ಮ ಮಗಳು... ಎಲ್ಲಿ ರೀ ಅಕ್ಕಾ?"

ತಾಯಣ್ಣನ ಕಣ್ಣು ತನ್ನ ಮೇಲಿರುವುದು ಚಂದ್ರಕಲಾಗೆ ಗೊತ್ತಾಯಿತು. ಬೀರೇಶ ತಲೆ ತಗ್ಗಿಸಿದ್ದ.

"ರಾಯಚೂರಾಗ. ದವಾಖಾನ್ಯಾಗ."

"ಯಾ ಅಲ್ಲಾ." ಕಹಕಶಾನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮನಿಗಿ ಬರಲೇ ಇಲ್ಲೇನ್ರಿ ಕೂಸು? ನಮ್ಮ ಅಬ್ಬಾ ಕಡೀಕ ಮನಿಗಿ ಒಯ್ರಿ, ಮನಿಗಿ ಒಯ್ರಿ ಅಂತಿದ್ರು. ನಾವು ಒಯ್ಯಲಿಲ್ಲ. ಅದು ಇನ್ನಾ ನನ್ನ ಕಿವ್ಯಾಗ ಅದ. ಪಾಪ, ನಿಮ್ಮ ಮಗಳೂ ಕೇಳಿರಬೇಕಲ್ರಿ?"

ಈಕೆಗೆ ನಿಜ ಹೇಳಬಹುದಿತ್ತು. ಚಂದ್ರಕಲಾ ಬಾಯಿ ತೆರೆದಳು. ತಾಯಣ್ಣ ಮೆಲ್ಲಗೆ ಕೆಮ್ಮಿದ.

"ಕೇಳಿದ್ಲು," ಎಂದಳು. "ನಾವು ಕರಕೊಂಡು ಬರಲಿಲ್ರಿ."

ಬೀರೇಶ ಹೊರಗೆ ನಡೆದ. ಗೇಟು ತೆರೆದ ಸದ್ದು ಕೇಳಿಸಿತು, ಮುಚ್ಚಿದ ಸದ್ದು ಕೇಳಿಸಲಿಲ್ಲ.

"ಹಂಗಾರ ಬಯಾನಾ ರೊಕ್ಕ ಇವತ್ತ ಕೊಟ್ಟು ಮಾತು ಗಟ್ಟಿ ಮಾಡಿಬಿಡೂಣು," ಎಂದ ತಾಯಣ್ಣ.

ಕಹಕಶಾನ್ ತಲೆಯಾಡಿಸಿದಳು. ಬಳಿಕ ಚಂದ್ರಕಲಾಳ ಕಡೆ ತಿರುಗಿ, "ಪಶ್ಚಿಮ ಯಾವ ಕಡಿ ಅಕ್ಕಾ? ನಿಮ್ಮ ಕೂಸಿಗಿ ಒಂದು ದುವಾ ಮಾಡ್ತೀನಿ. ನಡೀತದಲ್ರಿ?" ಎಂದಳು.

ಚಂದ್ರಕಲಾ ಕೈಯೆತ್ತಿ ಕಿಟಕಿಯ ಕೆಳಗಿನ ಗೋಡೆ ತೋರಿಸಿದಳು.

ಕಹಕಶಾನ್ ತಲೆಯ ಮೇಲೆ ಸೆರಗೆಳೆದುಕೊಂಡು ಅಲ್ಲಿಗೆ ಹೋದಳು. ಎರಡೂ ಅಂಗೈ ಮೇಲೆತ್ತಿ ಕಣ್ಣು ಮುಚ್ಚಿದಳು. ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು. ಕರಿಕಲ್ಲಿನ ನೆಲದ ಮೇಲೆ, ಗೋಡೆಗೆ ತಾಗಿ, ಮಂಚದ ಕಾಲು ಊರಿದ್ದ ಕಡೆ ನಾಲ್ಕು ಬಿಳಿಯ ಗುರುತುಗಳಿದ್ದವು. ಅವುಗಳ ನಡುವೆ ಅವಳು ನಿಂತಿದ್ದಳು.