ಬಾಯಿ ಕಟ್ಟಿದ ಬೇರು

ಹಲಸಿನ ಹಣ್ಣಿನ ವಾಸನೆಯಂತೆ, ಬಸ್ಸಿನ ತುಂಬ ತುಂಬಿಕೊಂಡಿದೆಯಂತೆ, ಪಕ್ಕದ ಹೆಂಗಸು ಮೂಗು ಅರಳಿಸಿಕೊಂಡು ಹೇಳುತ್ತಿದ್ದಾಳೆ, ಏನ್ ಘಮ ಕಣಮ್ಮ, ತೋವಿನಕೆರೆ ಹಣ್ಣೇ ಇರ್ಬೇಕು, ಯಾರ್ ತಂದವ್ರೆ ನೋಡು — ಅಶ್ವತ್ಥಮ್ಮ ಉಸಿರೆಳೆದಳು, ಏನೂ ಇಲ್ಲ, ಮೂಗಿಗೆ ಅರಳೆ ತುರುಕಿದಂತಿದೆ, ನೆಗಡಿಯಲ್ಲ, ಸಂಕ್ರಾಂತಿ ಕಳೆದು ಡಾಕ್ಟರು ಕೊಟ್ಟ ಆ ಗುಳಿಗೆ ಶುರುವಾದಾಗಿನಿಂದ ಹೀಗೆ, ಮೂಗು ಕಟ್ಟಿದ್ದು ಬಿಟ್ಟೇ ಇಲ್ಲ, ಸಾರಿನ ಪುಡಿ ಅಶ್ವತ್ಥಮ್ಮನಿಗೆ ಮೂಗಿಲ್ಲ ಎಂದರೆ ಶಿರಾ ಪೇಟೆಯಲ್ಲಿ ಯಾರು ನಂಬುತ್ತಾರೆ, ಮದುವೆ ಮನೆಯವರು ಮೆಣಸಿನಕಾಯಿ ಧನಿಯ ಹೊತ್ತು ತಂದು ಇವಳ ಬಾಣಲೆಗೇ ಸುರಿಯುತ್ತಿದ್ದದ್ದು ಈ ಮೂಗನ್ನು ನಂಬಿ ತಾನೆ, ಹೋದ ತಿಂಗಳು ಧನಿಯ ಕಪ್ಪಗೆ ಸೀದು ಹೊಗೆ ಸೂರಿಗೆ ಏರಿದಾಗಲೂ ಇವಳು ಸೌಟು ಹಿಡಿದುಕೊಂಡು ಕೂತೇ ಇದ್ದಳು, ಗಂಡ ಕದರಪ್ಪ ಓಡಿಬಂದು ಬಾಣಲೆ ಇಳಿಸಿದ, ಆಗಲೂ ಅಯ್ಯೋ ಎನ್ನಲಿಲ್ಲ ಇವಳು, ಹೋಗಲಿ ಬಿಡು ಎಂದಳು, ಹೋಗಲಿ ಬಿಡು ಎಂಬ ಮಾತು ಇವಳ ಬಾಯಲ್ಲಿ ಯಾವತ್ತು ಇತ್ತು? ಕಂಡಕ್ಟರ್ ಚಿಲ್ಲರೆ ಕೊಟ್ಟ, ಹೊಸ ನಯಾ ಪೈಸೆ, ಕಮ್ಮಿ ಕೊಟ್ಟಿದ್ದಾನೆ, ಅಂಗೈ ನೋಡಿದರೇ ತಿಳಿಯುತ್ತದೆ, ಹೊಸ ಲೆಕ್ಕ ನಿಮ್ಗೆ ತಿಳಿಯಾಕಿಲ್ಲಮ್ಮ ಅಂದ, ಹಳೆಯ ಅಶ್ವತ್ಥಮ್ಮನಾಗಿದ್ದರೆ ಬಸ್ಸು ಇಲ್ಲೇ ನಿಲ್ಲುತ್ತಿತ್ತು, ಡ್ರೈವರ್ ಇಳಿದು ಕೈಮುಗಿಯುತ್ತಿದ್ದ, ಈಗ ಮುಷ್ಟಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು, ಕಿಟಕಿಗೆ ಕಬ್ಬಿಣದ ಸರಳು, ಸರಳಿನ ಮೇಲೆ ಒಂದು ಕೈ — ಇಲ್ಲ, ಕೈ ಇಲ್ಲ, ಅದು ಅವತ್ತಿನದು.

ಕಾಲು ಭಾರ, ರೆಪ್ಪೆ ಭಾರ, ಮಡಿಲಲ್ಲಿರುವ ಕಾಗದದ ಪೊಟ್ಟಣವೂ ಭಾರ, ಅದರೊಳಗೆ ಬರೀ ಗಾಜಿನ ಬಳೆ. ಶಿರಾ ದಾಟಿ ಹುಣಿಸೆ ಸಾಲು ಶುರುವಾಗಿದೆ, ಬರಗೂರು ಇನ್ನೂ ದೂರ, ಬಸ್ಸು ಕುಲುಕಿದ ಹಾಗೆಲ್ಲ ತಲೆ ತೂಗುತ್ತದೆ, ನಿದ್ದೆ ಅಲ್ಲ, ನಿದ್ದೆ ಬಂದರೆ ಕೆಟ್ಟ ಕನಸು, ಕನಸಿನಲ್ಲಿ ಅವ್ವ, ಒರಳುಕಲ್ಲಿನ ಪಕ್ಕ ಬಿದ್ದ ಅವ್ವ, ಪಕ್ಕದ ಮನೆಯವರ ಮೇಲೆ ಜಗಳ ಆಡುತ್ತಾ ಆಡುತ್ತಾ ನಡುವೆ ಮಾತು ನಿಂತುಹೋಗಿ ದಬಕ್ಕನೆ ಬಿದ್ದಳು, ಬಾಯಿ ಕಿವಿಯ ಕಡೆಗೆ ಸೊಟ್ಟಗಾಯಿತು, ಆಮೇಲೆ ಬದುಕಿದಷ್ಟು ಕಾಲವೂ ಬ ಬ ಬ ಎಂಬ ಒಂದೇ ಸದ್ದು. ಅದಕ್ಕೇ ಹೆದರಿ ತಾನೆ ಆ ಡಾಕ್ಟರ ಹತ್ತಿರ ಹೋದದ್ದು, ಪರ್ವತಯ್ಯ ಡಾಕ್ಟರು, ಸೋಮವಾರ ಸೋಮವಾರ ತುಮಕೂರಿಂದ ಬಂದು ಎಣ್ಣೆ ಅಂಗಡಿಯ ಮಗ್ಗುಲ ಕೋಣೆಯಲ್ಲಿ ಕೂರುವವರು, ಒಳ್ಳೆಯವರು, ರಟ್ಟೆಗೆ ಬಟ್ಟೆ ಸುತ್ತಿ ರಬ್ಬರಿನ ಉಂಡೆ ಒತ್ತಿ ಒತ್ತಿ ಪಾದರಸ ಏರಿಸಿದಾಗ ಅವರ ಹುಬ್ಬೂ ಏರಿತು, ಏನಮ್ಮ, ರಕ್ತದ ಒತ್ತಡ ಇಷ್ಟಿಟ್ಟುಕೊಂಡು ಓಡಾಡ್ತಿದ್ದೀರಲ್ಲ, ನಿಮ್ಮ ತಾಯಿಗೂ ಇತ್ತಾ, ಇದು ವಂಶದಲ್ಲಿ ಹರಿದು ಬರೋದು, ಹೊಸ ಗುಳಿಗೆ ಬಂದಿದೆ, ಇದುವರೆಗೂ ಇಂಥದ್ದು ಇರಲಿಲ್ಲ, ದಿನಾ ತಗೊಳ್ಳಿ — ತಗೊಂಡಳು. ಬೆಳಿಗ್ಗೆ ಬೆಳಿಗ್ಗೆ ಕದರಪ್ಪನೇ ಅಂಗೈಗೆ ಗುಳಿಗೆ ಇಟ್ಟು ನೀರು ಕೊಡುತ್ತಾನೆ, ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ಲೋಟ ನೀರು ತಂದುಕೊಟ್ಟದ್ದು ಇದೇ ಮೊದಲು, ಇವಳ ಬಾಯಿಗೆ ಹೆದರಿ ಎಷ್ಟು ರಾತ್ರಿ ದೇವಸ್ಥಾನದ ಜಗುಲಿ ಮೇಲೆ ಮಲಗಿಲ್ಲ ಅವನು, ಈಗ ಅಡುಗೆಮನೆ ಹೊಸ್ತಿಲಲ್ಲೇ ಬೀಡಿ ಹಚ್ಚಿ ಕೂರುತ್ತಾನೆ, ಈಗ ಮನೆ ಮನೆ ಇದ್ದಂಗೈತೆ ಕಣೇ ಅಂತಾನೆ, ಪಾಪ, ಎಷ್ಟು ಸಂತೋಷ ಅವನಿಗೆ. ಸುಳ್ಳೇನಲ್ಲ, ಪಾದರಸವೂ ಇಳಿದಿದೆ, ತಲೆನೋವು ಹೋಗಿದೆ, ಬೀದಿಯವರೆಲ್ಲ ಅಶ್ವತ್ಥಮ್ಮಂಗೆ ದೇವ್ರು ಒಳ್ಳೆ ಬುದ್ಧಿ ಕೊಟ್ಟ ಎನ್ನುತ್ತಿದ್ದಾರೆ.

ಯುಗಾದಿಯ ಮಾರನೇ ದಿನ ಹನುಮಕ್ಕ ಬಂದಳು, ಒಬ್ಬಳೇ ಮಗಳು, ಬರಗೂರಿಗೆ ಕೊಟ್ಟದ್ದು, ಕರೆಯದೇ ಬಂದಳು, ಕೈಲಿ ಗಂಟಿಲ್ಲ, ತಲೆಗೆ ಹೂವಿಲ್ಲ, ಒಲೆಯ ಮುಂದೆ ಬಂದು ಕೂತು ಎಡಗೈ ಮುಂದೆ ಚಾಚಿದಳು, ಬರಿಗೈ. ಬಲಗೈಯಲ್ಲಿ ಹಸಿರು ಬಳೆ ಇವೆ, ಎಡಗೈಯಲ್ಲಿ ಒಂದೂ ಇಲ್ಲ, ಮಣಿಕಟ್ಟಿನ ಸುತ್ತ ಗಾಜು ಕುಯ್ದ ಗೀರು, ನೀರ್ ಸೇದ್ವಾಗ ಒಡ್ದೋದ್ವು ಕಣವ್ವ ಅಂದಳು. ನೀರು ಸೇದುವಾಗ ಒಡೆದರೆ ಒಂದೋ ಎರಡೋ ಒಡೆಯುತ್ತವೆ, ಒಡೆದರೂ ಮುತ್ತೈದೆ ಆ ಗಳಿಗೆಯೇ ಒಂದು ಅರಿಶಿನದ ದಾರವನ್ನಾದರೂ ಕಟ್ಟಿಕೊಳ್ಳುತ್ತಾಳೆ, ಬರಿಗೈಲಿ ಯಾರಾದರೂ ಬಸ್ಸು ಹತ್ತುತ್ತಾರೆಯೇ, ದಾರ ಕಟ್ಟಿಕೊಳ್ಳಲೂ ಬಿಡುವಿಲ್ಲದೆ ಓಡಿಬಂದಿದ್ದಾಳೆ ಎಂದರೆ, ಯಾರೋ ಕೈ ಹಿಡಿದು ತಿರುಚಿದ್ದಾರೆ ಎಂದರೆ — ಎಲ್ಲ ತಿಳಿಯಿತು, ಅದೇ ವಿಚಿತ್ರ, ಎಲ್ಲವೂ ಅಕ್ಕಿಯಲ್ಲಿನ ಕಲ್ಲಿನಷ್ಟು ಚೆನ್ನಾಗಿ ಕಾಣಿಸಿತು, ಆದರೆ ಹೊಟ್ಟೆಯ ಬುಡದಿಂದ ಏಳಬೇಕಾದ್ದು ಏಳಲಿಲ್ಲ. ಹಿಂದೆ ಏಳುತ್ತಿತ್ತು, ಬುಡದಿಂದ ಬಿಸಿಯಾಗಿ ಎದೆಗೆ ಬಂದು ಗಂಟಲಲ್ಲಿ ಮಾತಾಗಿ ಬೀದಿಗೆ ಬೀಳುತ್ತಿತ್ತು, ಹೋದ ವರ್ಷ ಅಳಿಯ ಒಂದು ಸಲ ಮಗಳ ಕೆನ್ನೆಗೆ ಹೊಡೆದನೆಂದು ತಿಳಿದು ಬರಗೂರಿನ ಬೀದಿಯಲ್ಲಿ ನಿಂತು ಲೇ ದೊಡ್ಡರಂಗಯ್ಯ, ಆಚೆಗ್ ಬಾರ್ಲಾ, ಹೊಡೆಯಂಗಿದ್ರೆ ನನ್ ಮುಂದೆ ಹೊಡಿ ಅಂತ ಕೂಗಿದ್ದಕ್ಕೆ ಅರ್ಧ ಊರು ಸೇರಿತ್ತು, ಆಮೇಲೆ ವರ್ಷವೊಪ್ಪತ್ತು ಅವನು ಬಾಲ ಮುದುರಿಕೊಂಡಿದ್ದ. ಇವಳ ಬಾಯಿಯೇ ಆ ಹುಡುಗಿಗೆ ಬೇಲಿ. ಅವ್ವನ ಬಾಯಿ ಇವಳಿಗೆ ಬಂತು, ಇವಳದು ಹನುಮಕ್ಕನಿಗೆ ಬರಲಿಲ್ಲ, ಅವಳು ಅಪ್ಪನ ಹಾಗೆ, ಬೆದರಿಸಿದರೆ ಮೂಲೆ ಸೇರುವವಳು, ಇಬ್ಬರ ಪಾಲಿನದನ್ನೂ ಇವಳೇ ಕೂಗಬೇಕು. ಅವತ್ತು ಆ ಕೈ ನೋಡಿ ಇವಳು ಏನಂದಳು? ಹೂಂ, ಕೈ ತೊಳ್ಕೋ, ಉಣ್ಣು ಅಂದಳು. ಬೆಳ್ಳುಳ್ಳಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು. ಮಗಳು ಸ್ವಲ್ಪ ಹೊತ್ತು ಕೈಯನ್ನು ಹಾಗೇ ಚಾಚಿಕೊಂಡು ಕೂತಿದ್ದು ಆಮೇಲೆ ಸೆರಗಿನೊಳಗೆ ಎಳೆದುಕೊಂಡಳು, ಸಂಜೆಯ ಬಸ್ಸಿಗೆ ಹೊರಟಳು, ತವರಿಗೆ ಬಂದ ಮಗಳನ್ನು ಬಳೆ ತೊಡಿಸದೆ ಕಳಿಸುವುದುಂಟೇ, ಕಳಿಸಿದಳು, ಬಸ್ಸಿನ ತನಕ ಹೋಗಿ ನಿಂತಳು, ಕಿಟಕಿಯ ಸರಳಿನ ಮೇಲೆ ಆ ಎಡಗೈ, ಬರಿಗೈ, ಬೀಸಲಿಲ್ಲ, ಕರೆಯಲಿಲ್ಲ, ಸರಳು ಹಿಡಿದುಕೊಂಡು ಹೋಯಿತು.

ಅಳಬೇಕಿತ್ತು. ಡಾಕ್ಟರು ಕೇಳುತ್ತಾರೆ ಪಾಪ, ಪ್ರತಿ ಸಲವೂ ಕೇಳುತ್ತಾರೆ, ತಲೆ ಸುತ್ತುತ್ತಾ, ಎದೆ ಹೊಡ್ಕೊಳ್ಳುತ್ತಾ, ಅಳು ಬರುತ್ತಾ, ಹೊರದೇಶದ ಡಾಕ್ಟರುಗಳು ಬರೆದಿದ್ದಾರಮ್ಮ, ಈ ಗುಳಿಗೆಯಿಂದ ಕೆಲವರಿಗೆ ಮನಸ್ಸು ಕುಗ್ಗುತ್ತಂತೆ, ನಿಮಗೆ ದುಃಖ ಏನಾದ್ರೂ — ಇಲ್ಲ ಡಾಕ್ಟ್ರೇ, ದುಃಖ ಏನಿಲ್ಲ, ನಿಜವಾಗಿಯೂ ಇಲ್ಲ, ದುಃಖವೇ ಬರುತ್ತಿಲ್ಲ ಎಂಬುದು ಡಾಕ್ಟರಿಗೆ ಹೇಳಬೇಕಾದ ಕಾಯಿಲೆ ಎಂದು ಇವಳಿಗೆ ಹೊಳೆದರೆ ತಾನೆ. ನಿನ್ನೆ ಸೋಮವಾರ ಸುಮ್ಮನೆ ಕೇಳಿದಳು, ಈ ಗುಳಿಗೇಲಿ ಏನ್ ಹಾಕವ್ರೆ ಡಾಕ್ಟ್ರೇ, ಅವರಿಗೆ ಖುಷಿಯೋ ಖುಷಿ, ಯಾವ ರೋಗಿ ಇದೆಲ್ಲ ಕೇಳುತ್ತಾನೆ, ಇದು ನಮ್ಮ ದೇಶದ್ದೇ ಬೇರಮ್ಮ, ಸರ್ಪಗಂಧ ಅಂತ, ಕಾಡಲ್ಲಿ ಬೆಳೆಯೋದು, ಆದರೆ ಒಂದು ಕಾಡಿನ ಬೇರು ಚುರುಕು, ಇನ್ನೊಂದು ಕಾಡಿಂದು ಸಪ್ಪೆ, ಅದಕ್ಕೇ ಈಗ ತೋಟಗಳಲ್ಲಿ ಬೆಳೆಸಿ ನೋಡ್ತಿದ್ದಾರೆ, ಚುರುಕಿನ ಗಿಡ ಆರಿಸಿ, ಒಂದರ ಹೂವಿಗೆ ಇನ್ನೊಂದರ ಪರಾಗ ತಾಕಿಸಿ, ಅದರ ಬೀಜ, ಬೀಜದ ಬೀಜ, ತಾಯಿಗಿಡದ ಗುಣ ಮರಿಗಿಡಕ್ಕೆ ಎಷ್ಟು ಬಂತು ಅಂತ ಪರೀಕ್ಷೆ, ಒಂದು ದಿನ ಎಲ್ಲ ಬೇರೂ ಒಂದೇ ಸಮ ಆಗುತ್ತೆ — ಇವಳಿಗೆ ಅರ್ಥವಾಯಿತು, ಮೆಣಸಿನಕಾಯಿ ಹಾಗೆ, ಒಂದು ಹೊಲದ್ದು ಖಾರ, ಒಂದು ಹೊಲದ್ದು ಬರೀ ಬಣ್ಣ, ಬೀಜ ಎತ್ತಿಡುವಾಗ ಖಾರದ್ದನ್ನೇ ಎತ್ತಿಡುತ್ತಾರೆ. ಎಷ್ಟು ಹೊತ್ತು ಗಿಡದ ಮಾತು, ಅದರ ತಾಯಿ ಯಾವುದು, ಮಗಳು ಯಾವುದು. ಆಮೇಲೆ ಗಂಟು ಕಟ್ಟುವವರ ಹಾಗೆ ಕೊನೆಗೆ ಒಂದು ಮಾತು ಸೇರಿಸಿದರು, ಹಿಂದೆಲ್ಲ ಇದನ್ನ ಹುಚ್ಚು ಹಿಡಿದವರಿಗೆ ಕೊಡ್ತಿದ್ದರಮ್ಮ, ಕೂಗಾಡೋರು ತೆಪ್ಪಗಾಗ್ತಿದ್ದರು. ಅಶ್ವತ್ಥಮ್ಮ ಕೋಣೆಯಿಂದ ಇಳಿದು ಬಂದು ಎಣ್ಣೆ ಅಂಗಡಿಯ ಮುಂದೆ ನಿಂತಳು, ಹಾಗಾದರೆ ದೇವರು ಕೊಟ್ಟ ಬುದ್ಧಿ ಅಲ್ಲ, ವಯಸ್ಸಾದದ್ದಲ್ಲ, ಮಗಳ ಮೇಲಿನ ಆಸೆ ಬತ್ತಿದ್ದೂ ಅಲ್ಲ, ಒಂದು ಬೇರು. ಮತ್ತೆ ಒಳಕ್ಕೆ ಹೋಗಿ, ಡಾಕ್ಟ್ರೇ, ಗುಳಿಗೆ ಬುಟ್ರೆ ಅದು ವಾಪಸ್ ಬತ್ತದಾ ಅಂದಳು, ಯಾವುದು ವಾಪಸ್ ಬರಬೇಕಮ್ಮ ಅಂದರು, ಕೋಪ ಎಂದು ಹೇಳಲು ನಾಚಿಕೆಯಾಯಿತು, ಹಾಗೆಲ್ಲ ಥಟ್ಟನೆ ಬಿಡಬಾರದು, ಬಿಟ್ಟರೆ ನಿಮ್ಮ ತಾಯಿಗಾದದ್ದೇ ನಿಮಗೂ ಆದೀತು, ಮುಂದಿನ ವಾರ ನೋಡೋಣ, ಸ್ವಲ್ಪ ಕಮ್ಮಿ ಮಾಡೋಣ ಅಂದರು. ಬಿಟ್ಟರೆ ಅವ್ವನ ಹಾಗೆ ಬ ಬ ಬ, ನುಂಗಿದರೆ ಹೂಂ, ಹೋಗಲಿ ಬಿಡು, ಯಾವ ಕಡೆಯಿಂದ ಬಂದರೂ ಕುತ್ತು ಇವಳ ಬಾಯಿಗೇ.

ಇವತ್ತು ಬೆಳಿಗ್ಗೆ ಕದರಪ್ಪ ಗುಳಿಗೆ ಕೊಟ್ಟಾಗ ನುಂಗಲಿಲ್ಲ, ಉಗುಳಲೂ ಇಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡು ಪೇಟೆಗೆ ಹೊರಟಳು, ಬಳೆ ಬಾಷಾ ಸಾಬ್ ಅಂಗಡಿ ತೆಗೆಯುತ್ತಿದ್ದ, ಹನುಮಕ್ಕ ತೊಟ್ಟಿಲಲ್ಲಿದ್ದಾಗಿನಿಂದ ಅವಳ ಕೈಗೆ ಬಳೆ ತೊಡಿಸಿದವನು, ಏನಮ್ಮಾ, ಬೇಟಿ ಯುಗಾದಿಗೆ ಬಂದಿದ್ಲಂತೆ, ಬಳೆ ತೊಡ್ಸಕ್ಕೆ ಕರ್ಕಂಡೇ ಬರ್ಲಿಲ್ವಲ್ಲ, ಬೇರೆ ಕಡೆ ತೊಡ್ಸಿದ್ರಾ, ನಂಗೆ ಭಾಳ ಬೇಜಾರಾಯ್ತು ಅಂದ. ಇಲ್ಲ, ಎಲ್ಲೂ ತೊಡಿಸಲಿಲ್ಲ ಎಂದಳು. ಅವನು ನಂಬದವನ ಹಾಗೆ ಮುಖ ನೋಡಿದ, ಬರಿಗೈಲಿ ಕಳಿಸಿದ್ರಾ ಎಂದು ಕೇಳಲಿಲ್ಲ, ಅಷ್ಟು ಮರ್ಯಾದೆ ಅವನಿಗಿದೆ, ಕೇಳಿದ್ದರೂ ನೋಯುತ್ತಿರಲಿಲ್ಲ ಎಂಬುದೇ ಇವಳಿಗೆ ಆ ಗಳಿಗೆಯಲ್ಲಿ ದೊಡ್ಡ ಭಯವಾಯಿತು — ಭಯವೂ ಅಲ್ಲ, ಭಯ ಇರಬೇಕಾದ ಜಾಗ ಗೊತ್ತಾಯಿತು, ಬಿದ್ದುಹೋದ ಹಲ್ಲಿನ ಜಾಗವನ್ನು ನಾಲಿಗೆ ಮುಟ್ಟಿ ನೋಡುತ್ತದಲ್ಲ, ಹಾಗೆ. ಕೋಪ ಬಂದ ಮೇಲೆ ಹೋಗೋಣ ಎಂದು ಎಷ್ಟು ದಿನ ಕಾಯುವುದು? ಅಲ್ಲಿ ಆ ಹುಡುಗಿಗೆ ಬೇಲಿಯಿಲ್ಲ. ಕೋಪ ಇದ್ದಿದ್ದರೆ ಈ ಕಾಲು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆ ಸುಮ್ಮನೆ ನಡೆಸಿಕೊಂಡು ಹೋದರಾಯಿತು. ಹಸುರು ಬಳೆ ಕೊಡಪ್ಪ ಬಾಷಾ ಅಂದಳು, ಅಳತೆ ಹೇಳಬೇಕಾಗಿರಲಿಲ್ಲ, ಆ ಕೈ ನಂಗೆ ಗೊತ್ತಿಲ್ವಾ ಅಮ್ಮಾ ಎಂದು ಆರಿಸಿ ಪೊಟ್ಟಣ ಕಟ್ಟಿಕೊಟ್ಟ. ಬಸ್ಸಿನ ಹತ್ತಿರ ಕದರಪ್ಪ ಸಿಕ್ಕಿದ, ಎಲ್ಲಿಗೇ ಅಂದ, ಬರಗೂರಿಗೆ ಅಂದಳು, ಅವನ ಮುಖ ಸಣ್ಣಗಾಯಿತು, ಜಗಳಕ್ಕಾ ಅಂದ, ಇಲ್ಲ, ಬಳೆ ಕೊಡಕ್ಕೆ.

ಬರಗೂರು ಬಂತಂತೆ, ಪಕ್ಕದ ಹೆಂಗಸು ಮೊಣಕೈ ತಿವಿದಳು. ಇಳಿದಳು. ಅದೇ ಬೀದಿ, ಅದೇ ಜಗುಲಿ, ಹೋದ ವರ್ಷ ನಿಂತು ಕೂಗಿದ ಜಾಗದಲ್ಲಿ ಒಂದು ಕರು ಕಟ್ಟಿದ್ದಾರೆ, ದೊಡ್ಡರಂಗಯ್ಯ ಇವಳನ್ನು ಕಂಡವನೇ ಎದ್ದು ನಿಂತ, ಕೂಗಾಟಕ್ಕೆ ಸಿದ್ಧವಾಗಿ ಎದೆ ಸೆಟೆಸಿದ, ಯಾಕತ್ತೆ, ಏನ್ ಹೇಳ್ಬುಟ್ಳು ನಿಮ್ಗೆ, ನಾನೇನ್ ಮಾಡಿಲ್ಲ ಅಂತ ಯಾರೂ ಕೇಳದಿದ್ದರೂ ಶುರುಮಾಡಿದ, ಎದುರುಮನೆ ಬಾಗಿಲಲ್ಲಿ ಆಗಲೇ ಎರಡು ತಲೆ. ಅಶ್ವತ್ಥಮ್ಮ ಜಗುಲಿಯ ಮೇಲೆ ಕೂತಳು, ಹನುಮಕ್ಕ ಬಾ, ಕೈ ಕೊಡು ಅಂದಳು. ಮಗಳು ಬಾಗಿಲ ಮರೆಯಿಂದ ಬಂದಳು, ಕೈ ಮಾತ್ರ ಸೆರಗಿನೊಳಗೇ ಇದೆ, ಒಂದು ಸಲ ಚಾಚಿ ತಿಳಿದುಕೊಂಡ ಕೈ ಅಲ್ಲವೇ, ಮತ್ತೆ ಯಾಕೆ ಚಾಚೀತು, ಇವಳು ತನ್ನ ಅಂಗೈ ಬಿಡಿಸಿಕೊಂಡು ಕಾದಳು, ಕರು ಒಂದು ಸಲ ಕೂಗಿತು, ಕೊನೆಗೆ ಸೆರಗು ಸರಿದು ಎಡಗೈ ಬಂತು. ಇನ್ನೂ ಬರಿಗೈ. ದಾರವೂ ಇಲ್ಲ. ಪೊಟ್ಟಣ ಬಿಚ್ಚಿ ಒಂದು ಬಳೆ ತೆಗೆದು ಬೆರಳು ಕೂಡಿಸಿ ಏರಿಸಿದಳು, ಗೆಣ್ಣಿನ ಹತ್ತಿರ ನಿಂತಿತು, ಬಾಷಾ ಸಾಬನ ಅಳತೆ ತಪ್ಪುವುದಿಲ್ಲ, ಮತ್ತೆ ಒತ್ತಿದಳು, ಹನುಮಕ್ಕ ಹಲ್ಲು ಕಚ್ಚಿದಳು, ಆಗ ಕಂಡಿತು ಊತ, ಹೆಬ್ಬೆರಳ ಬುಡದಿಂದ ಗೆಣ್ಣಿನವರೆಗೆ ನೀಲಿ, ಹಳೆಯದಲ್ಲ, ನಿನ್ನೆಯದೋ ಮೊನ್ನೆಯದೋ. ಈಗ ಬರುತ್ತದೆ, ಈಗಲಾದರೂ ಬರುತ್ತದೆ ಎಂದು ಹೊಟ್ಟೆಯ ಬುಡವನ್ನು ಕಾದು ನೋಡಿದಳು, ಬರಲಿಲ್ಲ. ಬಳೆ ಏರ್ತಿಲ್ಲ ಕಣಪ್ಪ, ಕೈ ಊದೈತೆ, ಇವ್ಳು ನನ್ ಜೊತೆ ಬತ್ತಾಳೆ, ನಾನಾಗ್ ಕಳ್ಸೋಗಂಟ ಕರಿಯಕ್ ಬರ್ಬೇಡ ಅಂದಳು, ತೂಕ ಹೇಳುವ ಅಂಗಡಿಯವರ ದನಿ, ಸಣ್ಣ ದನಿ, ಎದುರುಮನೆಗೂ ಕೇಳಿಸಿರಲಿಕ್ಕಿಲ್ಲ. ದೊಡ್ಡರಂಗಯ್ಯ ಬಾಯಿ ತೆರೆದ, ಎದುರು ಕೂಗುವುದಕ್ಕೆ ಕೂಗೇ ಇಲ್ಲ, ಸೆಟೆಸಿದ ಎದೆ ಇಳಿಸಿ ಕರುವಿನ ಹಗ್ಗದ ಕಡೆ ಬಗ್ಗಿದ. ಹನುಮಕ್ಕ ಬಗ್ಗಿ ಕಿವಿಯ ಹತ್ತಿರ, ಅವ್ವ, ನೀನ್ ಬಯ್ಯಲ್ವಾ ಅಂದಳು, ಎಷ್ಟು ಆಸೆಯಿಂದ ಕೇಳಿತು ಮಗು. ಬಯ್ಯಕ್ ಬತ್ತಿಲ್ಲ ಕಣವ್ವ, ನಡಿ, ಬಸ್ಸು ತಿರುಗುಸ್ತಾವ್ನೆ. ಏಳಬೇಕು, ಕಾಲು ಭಾರ, ಸೆರಗಿನ ತುದಿಯಲ್ಲಿ ಗುಳಿಗೆ ಇದೆ, ನುಂಗುವುದೋ ಬಿಡುವುದೋ, ಮುಂದಿನ ಸೋಮವಾರ ಡಾಕ್ಟರು, ಕದರಪ್ಪನ ಮುಖ, ಅವ್ವನ ಬಾಯಿ, ಒಂದು ಕಾಡಿನ ಬೇರು ಚುರುಕು ಒಂದು ಕಾಡಿಂದು — ಯೋಚನೆ ಅಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ, ಮೊಣಕಾಲ ಮೇಲೆ ಮಗಳ ಕೈ, ಊದಿದ ಗೆಣ್ಣಿಗೆ ಸಿಕ್ಕಿಕೊಂಡ ಒಂದು ಹಸಿರು ಬಳೆ, ಅದರಾಚೆ ಬರಿಗೈ, ಬರಿಗೈ.