ಎಡಚನ ಬಲಗೈ

ಲೇಸಿನ ಗಂಟು ಬಿಚ್ಚುತ್ತಿಲ್ಲ, ಒದ್ದೆಯಾಗಿ ಬಿಗಿದು ಕಲ್ಲಾಗಿದೆ, ಉಗುರು ತೂರಿಸಿದರೆ ಉಗುರೇ ಮುರಿಯುತ್ತದೆ, ಮಧ್ಯಾಹ್ನ ನೀರು ಹಾಯಿಸಿದ ಹುಲ್ಲಿನಲ್ಲಿ ಗಾಲ್ಫಿನ ಹದಿನೆಂಟು ಕುಳಿ ಸುತ್ತಿ ಬಂದ ಬೂಟು, ಇಷ್ಟು ಹೊತ್ತಿಗೆ ಬಿಚ್ಚಿ ಒಣಗಲು ಇಡಬೇಕಿತ್ತು, ಆದರೆ ಇಷ್ಟು ಹೊತ್ತೂ ಅವಳು ಹೊರಗೆ ನಿಂತಿದ್ದಳು, ಕಿಟಕಿಯ ಕೆಳಗೆ — ಬೇಡ, ಕಿಟಕಿಯ ಮಾತು ಬೇಡ, ಮೊದಲು ಗಂಟು. ಗಂಟು ಬಿಚ್ಚುವವರೆಗೆ ತಲೆ ಎತ್ತಬೇಕಾಗಿಲ್ಲ, ಅದೊಂದು ಅನುಕೂಲ, ತಲೆ ಎತ್ತಿದರೆ ಎದುರಿನ ಬೆಂಚಿನಲ್ಲಿ ಹಲ್ಲಿನ ಡಾಕ್ಟರಮ್ಮ, ಅವರ ಅಕ್ಕಪಕ್ಕ ಇವತ್ತು ಬಂದಿರುವ ಐದು ಜನ ಹೆಂಗಸರು, ಎಲ್ಲರ ಮುಖವೂ ಇವಳ ಕಡೆಗೇ. ಹದಿನಾಲ್ಕಂತೆ, ಡಾಕ್ಟರಮ್ಮ ಹೇಳುತ್ತಿದ್ದಾರೆ, ಬರೀ ಹದಿನಾಲ್ಕು ಕೈ ನಮ್ಮ ಪರ, ಐವತ್ತೊಂದು ವಿರುದ್ಧ, ಅಲ್ಲಾ ರೀ, ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಕಡೆ ಅಂದಿದ್ರಲ್ಲ ನಿಮ್ಮ ತಮ್ಮ, ಎಣಿಸೋದನ್ನ ಯಾವ ಸ್ಕೂಲಲ್ಲಿ ಕಲಿತ್ರು ಅವರು? ಯಾರೋ ನಕ್ಕರು, ನಗು ಅರ್ಧಕ್ಕೇ ನಿಂತಿತು. ಪಾಪ, ಅವರು ಕುಟುಕಲು ಹೇಳಿದ್ದಲ್ಲ, ಬೇಸರವಾದಾಗ ಡಾಕ್ಟರಮ್ಮ ತಮಾಷೆ ಮಾಡುವುದೇ ಹಾಗೆ, ಕಣ್ಣು ಮಾತ್ರ ಕೆಂಪಾಗಿದೆ. ಈ ಕೋಣೆಯಲ್ಲಿ ಜೋರಾಗಿ ನಗುವಂತಿಲ್ಲ, ಅಳುವಂತೆಯೂ ಇಲ್ಲ, ನಡುವೆ ಇರುವುದು ಪ್ಲೈವುಡ್ಡಿನ ತಡಿಕೆ ಅಷ್ಟೆ, ಆಚೆ ಗಂಡಸರ ಬೂಟುಗಳ ಸಾಲು, ಪಾಲಿಶ್ ವಾಸನೆ, ಬೆವೆತ ಕಾಲ್ಚೀಲದ ವಾಸನೆ, ಮೊದಲು ಇದೆಲ್ಲ ಒಂದೇ ಬೂಟಿನ ಕೋಣೆ, ಹೆಂಗಸರು ಸದಸ್ಯರಾದ ವರ್ಷ ನಡುವೆ ತಡಿಕೆ ಹೊಡೆದು ಬೂಟಿಗೆ ದೊಡ್ಡ ಪಾಲು ಬಿಟ್ಟು ಚಿಕ್ಕ ಪಾಲನ್ನು ಇವರಿಗೆ ಕೊಟ್ಟರು, ಕನ್ನಡಿಯೊಂದನ್ನು ತೂಗುಹಾಕಿ ಇಗೋ ನಿಮ್ಮ ಲೌಂಜು ಅಂದರು. ಅಡುಗೆಮನೆ ಅಂಟಿಕೊಂಡಿರುವುದು ಗಂಡಸರು ಕೂರುವ ದೊಡ್ಡ ಕೋಣೆಗೆ, ಇವರ ಚಹಾ ಹಿಂಬಾಗಿಲಿನಿಂದ ಹೊರಟು ಕಸದ ಡಬ್ಬಗಳನ್ನು ದಾಟಿ ನೀರಿನ ಟ್ಯಾಂಕನ್ನು ಬಳಸಿ ಬರುವಷ್ಟರಲ್ಲಿ ಕೆನೆ ಕಟ್ಟಿರುತ್ತದೆ, ನಿಮ್ಮ ಹಲ್ಲಿಗೆ ಇದು ಒಳ್ಳೇದು ಕುಡೀರಿ, ಜುಂ ಅನ್ನೋ ಭಯವೇ ಇಲ್ಲ — ಅದೂ ಡಾಕ್ಟರಮ್ಮನ ಹಳೆಯ ಜೋಕು.

ದೊಡ್ಡ ಕೋಣೆ ಅಂದರೆ ಏನು ಮಹಾ, ಚರ್ಮದ ಕುರ್ಚಿ, ಕೊನೆಯ ಕುಳಿಯ ಗ್ರೀನ್, ಅದರ ನುಣುಪು ಹುಲ್ಲು ಕಾಣುವ ಕಿಟಕಿ, ಗಾಜಿನ ಕಪಾಟಿನಲ್ಲಿ ಗೆದ್ದ ಕಪ್ಪುಗಳು, ಬಾಗಿಲಿಗೆ ಹಿತ್ತಾಳೆಯ ಫಲಕ, ಗಂಡಸರಿಗೆ ಮಾತ್ರ. ಕುರ್ಚಿಗಾಗಿ ಯಾರು ಜಗಳ ಆಡುತ್ತಾರೆ? ಕುರ್ಚಿ ಅವಳ ಮನೆಯಲ್ಲೂ ಇದೆ. ಆದರೆ ಎಲ್ಲವೂ ಅಲ್ಲೇ ಆಗುತ್ತದೆ, ಆಟ ಮುಗಿಸಿ ಗ್ಲಾಸು ಹಿಡಿದು ಕೂತು, ಮುಂದಿನ ವಾರ ಯಾರು ಎಷ್ಟು ಹೊತ್ತಿಗೆ ಆಡಬೇಕು, ಯಾವ ಬಂಕರಿನ ಗುಂಡಿಗೆ ಹೊಸ ಮರಳು ಬೇಕು, ಯಾರನ್ನು ಟೀಮಿಗೆ ಹಾಕಬೇಕು, ಎಲ್ಲ ಅಲ್ಲೇ ಮಾತಾಗಿ ಅಲ್ಲೇ ತೀರ್ಮಾನವಾಗಿ, ಮರುದಿನ ಬೆಳಿಗ್ಗೆ ಹೆಂಗಸರಿಗೆ ಗೊತ್ತಾಗುವುದು ಚೀಟಿಯಲ್ಲಿ, ಹೆಂಗಸರು ಹನ್ನೊಂದರ ನಂತರ. ಹನ್ನೊಂದರ ಬಿಸಿಲಿನಲ್ಲಿ, ಕೆಲಸಕ್ಕೆ ಹೋಗುವವರು ಹೇಗೆ ಬರಬೇಕು? ಹೋದ ವರ್ಷ ಗ್ರೀನುಗಳಿಗೆಲ್ಲ ಹೊಸ ಹುಲ್ಲು ಹಾಕಿದ್ದು ಅವಳ ನರ್ಸರಿಯಿಂದ, ಹುಲ್ಲಿನ ವಿಷಯದಲ್ಲಿ ಅವಳನ್ನು ಮೀರಿಸುವವರು ಈ ಊರಲ್ಲಿಲ್ಲ, ಆದರೆ ಯಾವ ಹುಲ್ಲು ಅಂತ ನಿರ್ಧಾರವಾಗುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ತಮ್ಮ ಒಂದೊಂದೇ ಹುಲ್ಲಿನ ಟ್ರೇ ಒಳಗೆ ಒಯ್ದು ತೋರಿಸಿ, ಹೊರಗೆ ಬಂದು ಅವರು ಕೇಳಿದ್ದನ್ನು ಇವಳಿಗೆ ಹೇಳಿ, ಇವಳು ಹೇಳಿದ್ದನ್ನು ಒಳಗೆ ಹೇಳಿ, ಹೆಣ್ಣು ನೋಡಲು ಬಂದವರಂತೆ ಆಡ್ತಿದ್ದೀರಲ್ಲೋ ಅಂದಿದ್ದಳು ಅವಳು, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಆಗ ನಗು ಬಂದಿತ್ತು. ಅವನು ಒಳಗಿದ್ದಾನೆ ಅಂದರೆ ತಾನೂ ಅರ್ಧ ಒಳಗಿದ್ದೇನೆ ಅನ್ನಿಸುತ್ತಿತ್ತು.

ಯಾಕೆ ಅನ್ನಿಸಬಾರದು, ಅವನನ್ನು ಈ ಮೈದಾನದಲ್ಲಿ ಎತ್ತಿ ಆಡಿಸಿದವಳು ಅವಳು. ಅಪ್ಪ ಇಲ್ಲಿ ಹುಲ್ಲಿನ ಮೇಸ್ತ್ರಿ, ಮನೆ ಏಳನೇ ಕುಳಿಯ ಹಿಂದಿನ ಶೆಡ್ಡಿನ ಪಕ್ಕ, ಬೆಳಕು ಹರಿಯುವ ಮೊದಲೇ ಅಪ್ಪನ ಜೊತೆ ಹೋಗಿ, ಸದಸ್ಯರು ಬರುವುದರೊಳಗೆ ನಾಲ್ಕು ಕುಳಿ ಆಡಿ ಓಡಿಬರುವುದು, ಮುರಿದು ಎಸೆದ ಕೋಲಿಗೆ ಅಪ್ಪ ಗುದ್ದಲಿಯ ಕಾವು ಸಿಕ್ಕಿಸಿ ಕೊಟ್ಟಿದ್ದ. ತಮ್ಮ ಐದು ವರ್ಷದವನು, ಕೋಲು ಹಿಡಿದರೆ ತಿರುವುಮುರುವು ನಿಲ್ಲುತ್ತಿದ್ದ, ಎಡಚ. ಎಲ್ಲರೂ ಅಂದರು ತಿದ್ದು ಅವನನ್ನ, ಎಡಗೈಯವರಿಗೆ ಕೋಲು ಎಲ್ಲಿ ಸಿಗುತ್ತೆ, ಅಪ್ಪನೂ ಅಂದ, ಸುಮ್ಮನೆ ಬಲಕ್ಕೆ ತಿರುಗಿಸಿ ನಿಲ್ಲಿಸಮ್ಮ. ಅವಳೇ ಹಟ ಹಿಡಿದಳು, ಅವನ ಮೈ ಹೇಗೆ ತಿರುಗುತ್ತೋ ಹಾಗೇ ಆಡಲಿ ಅಪ್ಪಾ, ಸದಸ್ಯರು ಕಳೆದುಕೊಂಡ ಸಾಮಾನಿನ ಪೆಟ್ಟಿಗೆಯನ್ನು ಮೂರು ತಿಂಗಳು ಕೆದಕಿ ಒಂದೇ ಒಂದು ಎಡಗೈ ಕೋಲು ಹುಡುಕಿ ತಂದಳು, ತನ್ನ ಹಳೆ ಗ್ಲೌಸನ್ನು ಬಿಚ್ಚಿ ಹೊಲಿದು ಅವನ ಬಲಗೈಗೆ ಸರಿಮಾಡಿದಳು. ಉಳಿದವರದೆಲ್ಲ ಎಡಗೈಗೆ ಗ್ಲೌಸು, ಎಡಚನಿಗೆ ಬಲಗೈಗೆ. ವರ್ಷಗಟ್ಟಲೆ ಬಿಸಿಲಲ್ಲಿ ಆಡಿದವರ ಕೈ ನೋಡಬೇಕು, ಒಂದು ಕೈ ಸುಟ್ಟ ಇಟ್ಟಿಗೆಯ ಬಣ್ಣ, ಗ್ಲೌಸಿನ ಕೈ ಮಾತ್ರ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಸುಲಿದ ಮೂಲಂಗಿ, ಅವಳದೂ ಹಾಗೇ, ಎಡಗೈ ಬಿಳುಪು. ಅವನದು ಬಲಗೈ ಬಿಳುಪು. ಈ ಇಡೀ ಕ್ಲಬ್ಬಿನಲ್ಲಿ ಎಡಚ ಅವನೊಬ್ಬನೇ.

ಈ ಗಂಟು ಹೀಗೆ ಬಿಚ್ಚುವುದಿಲ್ಲ, ಕತ್ತರಿ ಇದೆಯಾ ಯಾರ ಹತ್ರನಾದ್ರೂ, ಅವಳು ಕೇಳಿದಳು, ತನ್ನ ದನಿ ತನಗೇ ಸರಿಯಾಗಿಯೇ ಕೇಳಿಸಿತು, ಆಶ್ಚರ್ಯ. ಡಾಕ್ಟರಮ್ಮ ಕತ್ತರಿ ಕೊಡಲಿಲ್ಲ, ಬಗ್ಗಿ ಕೂತು ತಾವೇ ಗಂಟಿಗೆ ಕೈ ಹಾಕಿದರು, ಬಿಡಿ, ನಾನು ಜನರ ಬಾಯೊಳಗೇ ಕೈ ಹಾಕೋಳು, ನಿಮ್ಮ ಬೂಟು ಯಾವ ಲೆಕ್ಕ. ಆಮೇಲೆ ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ, ಅವತ್ತೇ ಮೇಲಿನವರಿಗೆ ದೂರು ಕಳಿಸಿಬಿಡಬೇಕಿತ್ತು ಕಣ್ರೀ. ಹೌದು, ಕಳಿಸಬೇಕಿತ್ತು. ಕ್ಲಬ್ಬುಗಳಿಗೆ ಪಂದ್ಯ ಹಂಚುವ ಮೇಲಿನ ಸಂಘಕ್ಕೆ ದೂರು ಬರೆದಾಗಿತ್ತು, ಹನ್ನೆರಡು ಹೆಂಗಸರೂ ಸಹಿ ಹಾಕಿಯಾಗಿತ್ತು, ಹೆಂಗಸರಿಗೆ ಹೀಗೆ ಮಾಡುವ ಕ್ಲಬ್ಬಿಗೆ ದೊಡ್ಡ ಪಂದ್ಯ ಕೊಡಬೇಡಿ ಅಂತ, ಅದಕ್ಕೆ ಕೊನೆಯ ದಿನ ಹೋದ ಶುಕ್ರವಾರ. ಅದರ ಹಿಂದಿನ ಭಾನುವಾರ ತಮ್ಮ ನರ್ಸರಿಗೆ ಬಂದಿದ್ದ, ಹುಲ್ಲಿನ ಟ್ರೇಗಳ ನಡುವೆ ಕುಕ್ಕರುಗಾಲಲ್ಲಿ ಕೂತು ದೂರು ಓದಿದ, ಅಕ್ಕಾ, ಮನೆ ಜಗಳ ಬೀದಿಗೆ ಯಾಕೆ, ಒಳಗೇ ಸರಿಮಾಡೋಣ, ವೋಟಿಗೆ ಹಾಕಿಸ್ತೀನಿ, ಅರ್ಧಕ್ಕಿಂತ ಜಾಸ್ತಿ ನಮ್ಮ ಕಡೆ, ಒಬ್ಬೊಬ್ಬರನ್ನೂ ಕೇಳಿ ನೋಡಿದೀನಿ. ಕ್ಲಬ್ಬಿಗೇ ಒಂದು ಪತ್ರ ಕೊಡು, ಹಕ್ಕು ಅಂತ ಬರೀಬೇಡ, ವಿನಂತಿ ಅಂತ ಬರಿ, ಅವರಿಗೆ ಚುರುಕ್ ಅನ್ನಬಾರದು. ಅವಳು ಹಕ್ಕನ್ನು ಹೊಡೆದುಹಾಕಿ ವಿನಂತಿ ಮಾಡಿದಳು. ಹನ್ನೊಂದು ಹೆಂಗಸರ ಮನೆಗೂ ತಾನೇ ಹೋಗಿ, ಕಾಲಿಗೆ ಬೀಳುವುದೊಂದು ಬಾಕಿ, ನನ್ನ ತಮ್ಮ ಮಾತು ಕೊಟ್ಟಿದಾನೆ ದೂರು ಬೇಡ ಅಂದಳು, ಮುಖ ಸಪ್ಪಗೆ ಮಾಡಿಕೊಂಡೇ ಒಪ್ಪಿದರು, ನಿಮ್ಮ ಮುಖ ನೋಡಿ ಅಂದರು. ಶುಕ್ರವಾರ ದಾಟಿತು.

ಇವತ್ತು ಸಭೆ. ಹೆಂಗಸರನ್ನು ದೊಡ್ಡ ಕೋಣೆಗೆ ಬಿಡಬೇಕೋ ಬೇಡವೋ ಅನ್ನುವ ಸಭೆ ದೊಡ್ಡ ಕೋಣೆಯಲ್ಲೇ, ಹಾಗಾಗಿ ಹೆಂಗಸರು ಬರುವಂತಿಲ್ಲ, ಇದರಲ್ಲಿ ನಗುವಂಥದ್ದು ಏನಿದೆ ಅಂತ ಕ್ಲಬ್ಬಿನ ಕ್ಯಾಪ್ಟನ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ, ಒಳ್ಳೆಯ ಮನುಷ್ಯ, ಎದುರು ಸಿಕ್ಕಾಗಲೆಲ್ಲ ಹುಲ್ಲು ಚೆನ್ನಾಗಿ ಬಂದಿದೆಯಮ್ಮಾ ಅನ್ನುತ್ತಾರೆ. ನಿನ್ನ ಪತ್ರ ನಾನೇ ಓದ್ತೀನಿ ಅಕ್ಕಾ, ನೀನು ಆರಾಮಾಗಿ ಚಹಾ ಕುಡೀತಾ ಇರು, ಅಂದಿದ್ದ ತಮ್ಮ. ಅವಳಿಗೆ ಕೂರಲಾಗಲಿಲ್ಲ. ಕೋಲೊಂದನ್ನು ಹಿಡಿದು ದೊಡ್ಡ ಕೋಣೆಯ ಕಿಟಕಿಯ ಕೆಳಗಿನ ಅಭ್ಯಾಸದ ಹುಲ್ಲಿಗೆ ಹೋದಳು, ಒಂದೇ ಚೆಂಡು, ಕುಳಿಗೆ ತಳ್ಳುವುದು, ಎತ್ತುವುದು, ತಳ್ಳುವುದು. ಕಿಟಕಿ ಎತ್ತರ, ಕೂತವರ ತಲೆಯೂ ಕಾಣುವುದಿಲ್ಲ, ಚಾವಣಿಯ ತುಂಡು, ಫ್ಯಾನು, ಮೈಕಿನಲ್ಲಿ ಕ್ಯಾಪ್ಟನ್ ದನಿ. ಪರ ಇರೋರು ಕೈ ಎತ್ತಿ. ಆಗ ಕೈಗಳು ಕಂಡವು, ಬರೀ ಕೈಗಳು, ಕಿಟಕಿಯ ಅಂಚಿನ ಮೇಲೆ ಅಲ್ಲೊಂದು ಇಲ್ಲೊಂದು, ಎಲ್ಲ ಬಲಗೈ, ಎಲ್ಲ ಕಂದು. ಅವಳು ಎಣಿಸಲಿಲ್ಲ, ಹುಡುಕಿದಳು. ಬಿಳಿಯದು ಇಲ್ಲ. ಹಿಂದಿನ ಸಾಲಿನಲ್ಲಿರಬೇಕು ಅಂದುಕೊಂಡಳು, ಪತ್ರ ಓದಿದವನು ಮೈಕಿನ ಹತ್ತಿರ ನಿಂತಿರಬೇಕು, ಪರದೆ ಅಡ್ಡ ಬಂದಿರಬೇಕು. ಆಯ್ತು, ಕೆಳಗಿಳಿಸಿ. ವಿರುದ್ಧ ಇರೋರು. ಕಿಟಕಿ ತುಂಬ ಕೈಗಳು ಎದ್ದವು, ಗಾಜು ಕತ್ತಲಾಗುವಷ್ಟು, ಕಂದು ಕಂದು ಕಂದು, ಅವುಗಳ ನಡುವೆ ಸ್ವಲ್ಪ ತಡವಾಗಿ, ಅಕ್ಕಪಕ್ಕ ನೋಡಿಕೊಂಡು ಎದ್ದಂತೆ, ಒಂದು ಬಿಳಿಯ ಬಲಗೈ. ಮೊಣಕೈ ಅರ್ಧ ಮಡಚಿ. ಎಡಗೈಯಲ್ಲಿ ಗ್ಲಾಸಿರುತ್ತದೆ, ಎಡಚ ಗ್ಲಾಸು ಹಿಡಿಯುವುದು ಎಡಗೈಯಲ್ಲೇ. ಚೆಂಡು ಕುಳಿಯ ಅಂಚನ್ನು ಬಳಸಿ ಆಚೆ ಹೋಯಿತು, ಅವಳು ತರಲು ಹೋಗಲಿಲ್ಲ.

ಯಾರಿಗೋ ಕೈಗೆ ಬ್ಯಾಂಡೇಜ್ ಇದ್ದಿರಬಹುದಲ್ಲ. ಅವನಿಗೆ ಸರಿಯಾಗಿ ಕೇಳಿಸದೆ ಇರಬಹುದಲ್ಲ, ಎಲ್ಲರೂ ಎತ್ತಿದರು ಅಂತ ಎತ್ತಿರಬಹುದು. ಹೌದು, ಎಲ್ಲರೂ ಎತ್ತಿದರು ಅಂತಲೇ ಎತ್ತಿದ್ದು, ಅಷ್ಟೇ ಇರುವುದು ಅದರಲ್ಲಿ, ತನಗೆ ತಾನೇ ಯಾಕೆ ಸುಳ್ಳು ಹೇಳಿಕೊಳ್ಳಬೇಕು. ಅವನು ಸದಸ್ಯನಾಗಿ ಮೂರು ವರ್ಷ ಆ ಕೋಣೆಯಲ್ಲಿ ಯಾರೂ ಅವನ ಪಕ್ಕ ಕೂರಲಿಲ್ಲ, ಮೇಸ್ತ್ರಿ ಮಗ ಅಂತ ಬೆನ್ನ ಹಿಂದೆ ಅಂದರು, ನಾಲ್ಕನೇ ವರ್ಷ ಒಬ್ಬರು ಕುರ್ಚಿ ಎಳೆದುಕೊಟ್ಟರಂತೆ, ಆ ದಿನ ಅವನು ಸೀದಾ ಅವಳ ಮನೆಗೆ ಬಂದು ಅದನ್ನೇ ಮೂರು ಸಲ ಹೇಳಿದ, ಅವಳು ಅವನಿಗಿಂತ ಹೆಚ್ಚು ಹಿಗ್ಗಿದಳು. ಈಚೆಗೆ ಒಮ್ಮೆ ಏನೋ ಮಾತಿಗೆ ಅಂದಿದ್ದ, ಅಲ್ಲಿ ಕೂತಾಗ ನಾನು ಯಾರ ಮಗ ಅಂತ ಯಾರಿಗೂ ನೆನಪಾಗಲ್ಲ ಅಕ್ಕಾ, ಅದೇ ಚೆಂದ. ಅವಳು ತಲೆಯಾಡಿಸಿ ಬಿಟ್ಟಿದ್ದಳು. ಈಗ ಗೊತ್ತಾಗುತ್ತಿದೆ, ಅವಳು ಒಳಗೆ ಬಂದು ಪಕ್ಕದಲ್ಲಿ ಕೂತರೆ ಎಲ್ಲರಿಗೂ ನೆನಪಾಗುತ್ತದೆ, ಅವಳ ಉಗುರಿನ ಮಣ್ಣು, ಅಪ್ಪನದೇ ಮೂಗು, ಜೋರು ದನಿ, ಲೋ ಅಂತ ಕರೆಯುವ ಬಾಯಿ. ಅಷ್ಟಕ್ಕೆ. ಬಾಯಿಬಿಟ್ಟು ಹೇಳಿದ್ದರೆ, ಅಕ್ಕಾ ನಂಗೆ ಕಷ್ಟ ಆಗುತ್ತೆ ಅಂದಿದ್ದರೆ, ಎರಡು ಬೈದು ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದಳು, ಹೆಂಗಸರೆಲ್ಲ ದೂರು ಕೊಟ್ಟು ತಮ್ಮ ದಾರಿ ತಾವು ನೋಡಿಕೊಳ್ಳುತ್ತಿದ್ದರು. ಅವನು ಹಾಗೆ ಹೇಳಲಿಲ್ಲ, ಟ್ರೇಗಳ ನಡುವೆ ಕೂತು ಶುಕ್ರವಾರವನ್ನು ದಾಟಿಸಿದ. ಅವಳ ಕೈಯಿಂದಲೇ ಹನ್ನೊಂದು ಹೆಂಗಸರ ಬಾಯಿ ಕಟ್ಟಿಸಿದ.

ಗಂಟು ಬಿಚ್ಚಿತು, ಡಾಕ್ಟರಮ್ಮ ಲೇಸನ್ನು ಎಳೆದು ತೋರಿಸುತ್ತಿದ್ದಾರೆ ಹಲ್ಲು ಕಿತ್ತು ತೋರಿಸಿದಂತೆ, ಅಷ್ಟರಲ್ಲಿ ಬಾಗಿಲು, ತಮ್ಮ. ಈ ಬಾಗಿಲಿಗೆ ಫಲಕ ಇಲ್ಲ, ಯಾರು ಬೇಕಾದರೂ ಬರಬಹುದು. ಮುಖ ಬಾಡಿಸಿಕೊಂಡಿದ್ದಾನೆ, ಚೆನ್ನಾಗಿಯೇ ಬಾಡಿಸಿಕೊಂಡಿದ್ದಾನೆ, ಸಾರಿ ಕಣ್ರಮ್ಮಾ, ಎಲ್ಲರಿಗೂ ಹೇಳುತ್ತಿದ್ದಾನೆ, ಕೊನೇ ಗಳಿಗೇಲಿ ಜನ ಕೈಕೊಟ್ಟರು, ಹದಿನಾಲ್ಕೇ ಆಯ್ತು ನಾನೂ ಸೇರಿ. ಮುಂದಿನ ವರ್ಷ ಇನ್ನೊಂದು ಸಲ ಕೇಳೋಣ, ನಾನಿದ್ದೀನಲ್ಲ. ಹೆಂಗಸರಲ್ಲಿ ಯಾರೋ ಪಾಪ ಥ್ಯಾಂಕ್ಸ್ ಅಂದರು. ಅವನು ಸುಳ್ಳು ಹೇಳಿದ್ದನ್ನು ನುಂಗಬಹುದಿತ್ತೇನೋ, ತಮ್ಮನಲ್ಲವೇ, ಇವರು ಅವನಿಗೆ ಥ್ಯಾಂಕ್ಸ್ ಹೇಳುವುದನ್ನು ನುಂಗಲಾಗದು, ಇವರ ಸಹಿ ಇನ್ನೂ ಅವಳ ಕಪಾಟಿನಲ್ಲಿದೆ. ಏಳು ಅಕ್ಕಾ ಮನೆಗೆ ಬಿಡ್ತೀನಿ, ಅನ್ನುತ್ತಿದ್ದಾನೆ. ಅವಳು ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ತಲೆ ಎತ್ತಿದಳು. ಯಾವ ಕೈ ಎತ್ತಿದೆಯೋ? ಹಾಂ? ನಮ್ಮ ಪರ ಎತ್ತಿದೆ ಅಂದೆಯಲ್ಲ, ಯಾವ ಕೈ? ಇದೇನಕ್ಕಾ ಪ್ರಶ್ನೆ, ನಗುತ್ತಿದ್ದಾನೆ, ಇದೇ ಕೈ, ಅಂತ ಎತ್ತಿ ತೋರಿಸುತ್ತಿದ್ದಾನೆ, ಆಣೆ ಮಾಡುವವನಂತೆ, ಅವಳು ಮೆಲ್ಲಗೆ ಹೇಳಿದಳು, ಅಭ್ಯಾಸದ ಹುಲ್ಲಿನಿಂದ ಕಿಟಕಿ ಕಾಣುತ್ತೆ ಕಣೋ, ಕೈ ಮಾತ್ರ ಕಾಣುತ್ತೆ. ನಗು ಇನ್ನೂ ಅವನ ಮುಖದ ಮೇಲೇ ಇದೆ, ಇಳಿಯಲು ದಾರಿ ಸಿಗದೆ, ಡಾಕ್ಟರಮ್ಮ ಲೇಸು ಹಿಡಿದುಕೊಂಡೇ ಅವನ ಕೈ ನೋಡುತ್ತಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ, ಅವನು ಅದನ್ನು ಇಳಿಸಬೇಕು, ಇಳಿಸಿದರೆ ಒಪ್ಪಿಕೊಂಡಂತೆ, ಇಳಿಸದಿದ್ದರೆ ಇನ್ನೂ ಎತ್ತಿಯೇ ಇದ್ದಂತೆ, ಏನಾದರೂ ಹೇಳೋ, ಅವಳು ಕಾಯುತ್ತಿದ್ದಾಳೆ, ಏನಾದರೂ ಹೇಳು, ಕೈ ಮೇಲೆಯೇ ಇದೆ, ಮೊಣಕೈ ಅರ್ಧ ಮಡಚಿ, ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ ಬಿಸಿಲು ನಿಂತಿದೆ, ಅದರ ಮೇಲೆ ಬಿಳಿ, ಐದು ಬೆರಳೂ ಬಿಳಿ —